ಮೋಟಾರಿಗೆ ಗಿಯರ್ ತರಿಸುವ ಮೊದಲು ಹಲ್ಲು ಎಣಿಸಿ

ಕಾಸರಗೋಡು ಹತ್ತಿರದ ಬದಿಯಡ್ಕದ ನಮ್ಮ ಮಕ್ಕಳ ರೋಬೋಟ್ ತಂಡ ಹೋದ ವರ್ಷ ಮಾಡಿದ ಎಡವಟ್ಟು ಹೇಳುತ್ತೇನೆ. ಮೋಟಾರಿನ ಶಾಫ್ಟ್ 6 ಮಿ.ಮೀ., ಗಿಯರಿನ ತೂತೂ 6 ಮಿ.ಮೀ., ಇನ್ನೇನು ಬೇಕು ಅಂತ ಆನ್‌ಲೈನಲ್ಲಿ ತರಿಸಿದೆವು. ಶಾಫ್ಟಿಗೆ ಚೆಂದಕ್ಕೆ ಕೂತಿತು. ಎದುರಿನ ಗಿಯರಿಗೆ ತಾಗಿಸಿ ತಿರುಗಿಸಿದರೆ ಕಟಕಟ ಸದ್ದು, ಆಮೇಲೆ ಜಾಮ್. ಒಂದು 0.8 ಮಾಡ್ಯೂಲ್, ಇನ್ನೊಂದು 1. ತೂತು ದೊಡ್ಡದಾದರೆ ಒಳಗೆ ಬುಷ್ (ಸಣ್ಣ ಕೊಳವೆ) ಹಾಕಬಹುದು, ಹಲ್ಲಿಗೆ ಮದ್ದಿಲ್ಲ.

ಮಾಡ್ಯೂಲ್ ಅಂದರೆ ಹಲ್ಲಿನ ಗಾತ್ರ. ಶಾಲೆಯ ಫಿಸಿಕ್ಸ್ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇರುತ್ತದೆ ಅಲ್ವಾ, ಅದನ್ನು ಕೇಳಿ ತನ್ನಿ. ಹಲ್ಲಿನ ತುದಿಯಿಂದ ತುದಿಗೆ ಹೊರಗಿನ ವ್ಯಾಸ ಅಳೆಯಿರಿ. ಹಲ್ಲಿನ ಲೆಕ್ಕಕ್ಕೆ 2 ಕೂಡಿಸಿ, ಅದರಿಂದ ವ್ಯಾಸವನ್ನು ಭಾಗಿಸಿ. ಹಳೇ ಪ್ರಿಂಟರಿನಿಂದ ಬಿಚ್ಚಿದ ಗಿಯರಿಗೆ 40 ಹಲ್ಲು, ವ್ಯಾಸ 21 ಮಿ.ಮೀ. ಅಂತಿಟ್ಟುಕೊಳ್ಳಿ. 21 ಭಾಗಿಸು 42, ಅಂದರೆ 0.5. ಎಣಿಸುವಾಗ ಒಂದು ಹಲ್ಲಿಗೆ ಮಾರ್ಕರಿನಲ್ಲಿ ಚುಕ್ಕೆ ಇಡಿ, ಇಲ್ಲದಿದ್ದರೆ ಮೂವರು ಎಣಿಸಿದರೆ ಮೂರು ಉತ್ತರ ಬರುತ್ತದೆ.

ಅಳೆಯುವಾಗ ದೊಡ್ಡ ಗಿಯರನ್ನೇ ಹಿಡಿಯಿರಿ. ಎಂಟು ಹತ್ತು ಹಲ್ಲಿನ ಪಿನಿಯನ್ ಅನ್ನುವ ಪುಟ್ಟ ಗಿಯರುಗಳಲ್ಲಿ ಹಲ್ಲಿನ ಬುಡ ಸಪೂರ ಆಗದಿರಲಿ ಅಂತ ವ್ಯಾಸ ಸ್ವಲ್ಪ ಜಾಸ್ತಿ ಇಟ್ಟಿರುತ್ತಾರೆ, ಅಲ್ಲಿ ಈ ಲೆಕ್ಕ ಕೈಕೊಡುತ್ತದೆ.

ಉತ್ತರ 0.79 ಬಂದರೆ 0.8 ಅಂತ ಸುಮ್ನೆ ತಿದ್ದಬೇಡಿ. ಅದು ಇಂಚಿನ ಲೆಕ್ಕದ 32 ಪಿಚ್ ಗಿಯರ್, ಅಂದರೆ ಒಂದು ಇಂಚು ವ್ಯಾಸಕ್ಕೆ 32 ಹಲ್ಲಿನ ಲೆಕ್ಕದ್ದು ಇರಬಹುದು. ಇಂಚಿನ 25.4 ಮಿ.ಮೀ. ಅನ್ನು 32ರಿಂದ ಭಾಗಿಸಿದರೆ 0.794. ಬರಿಗಣ್ಣಿಗೆ ಎರಡೂ ಒಂದೇ, ಕೈಯಲ್ಲಿ ತಿರುಗಿಸಿದರೂ ಕೂಡಿಕೊಂಡ ಹಾಗೆ ಕಾಣುತ್ತದೆ, ರೋಬೋಟ್ ಭಾರ ಎಳೆಯತೊಡಗಿದ ಮೇಲೆ ಹಲ್ಲು ಸವೆಯುತ್ತದೆ. ಪ್ರೆಶರ್ ಆ್ಯಂಗಲ್ (ಹಲ್ಲಿನ ಬದಿಯ ಓರೆ) ಕೂಡ ಎರಡಕ್ಕೂ ಒಂದೇ ಇರಬೇಕು. ಈಗ ಸಿಗುವುದು ಹೆಚ್ಚಾಗಿ 20 ಡಿಗ್ರಿ, ಹಳೇ ಯಂತ್ರದ ಗಿಯರುಗಳಲ್ಲಿ 14.5 ಸಿಕ್ಕಬಹುದು.

ಶಾಫ್ಟ್ ದೊಡ್ಡ ತಲೆನೋವಲ್ಲ. ಬಿಓ ಅನ್ನುವ ಹಳದಿ ಪ್ಲಾಸ್ಟಿಕ್ ಮೋಟಾರಿನದ್ದು ಎರಡು ಬದಿ ಚಪ್ಪಟೆ, ಎನ್20 ಅನ್ನುವ ಪುಟ್ಟ ಮೋಟಾರಿನದ್ದು 3 ಮಿ.ಮೀ. ಡಿ ಆಕಾರ. ಗಿಯರನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ಚಪ್ಪಟೆ ಬದಿಗೇ ಬೀಳಲಿ.

ಇನ್ನು ಎರಡು ಗಿಯರಿನ ಶಾಫ್ಟುಗಳಿಗೆ ತೂತು ಕೊರೆಯುವ ಜಾಗ. ಎರಡೂ ಗಿಯರಿನ ಹಲ್ಲು ಕೂಡಿಸಿ, ಮಾಡ್ಯೂಲಿನಿಂದ ಗುಣಿಸಿ, ಅರ್ಧ ಮಾಡಿ. 10 ಹಲ್ಲಿನ ಪಿನಿಯನ್, 40 ಹಲ್ಲಿನ ಗಿಯರ್, ಮಾಡ್ಯೂಲ್ 0.5 ಆದರೆ ಎರಡು ಶಾಫ್ಟುಗಳ ನಡುವಿನ ದೂರ 12.5 ಮಿ.ಮೀ. ವೇಗ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಎಳೆಯುವ ಬಲ ಸುಮಾರು ನಾಲ್ಕು ಪಟ್ಟು. ಸಾಧ್ಯವಾದರೆ ಮೋಟಾರನ್ನು ಅತ್ತಿತ್ತ ಜರುಗಿಸಲು ಆಗುವ ಹಾಗೆ ಅದರ ಸ್ಕ್ರೂ ತೂತನ್ನು ಉದ್ದನೆಯ ಸೀಳಿನಂತೆ ಕೊರೆಯಿರಿ. ಹಲ್ಲುಗಳ ನಡುವೆ ನೋಟ್ ಪುಸ್ತಕದ ಹಾಳೆಯ ಚೂರು ಸಿಕ್ಕಿಸಿ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಆಮೇಲೆ ಹಾಳೆ ಎಳೆದು ತೆಗೆಯಿರಿ. ಬೇಕಾದಷ್ಟೇ ಸಡಿಲ ಉಳಿಯುತ್ತದೆ.

ಗಿಯರ್ ಕೊಳ್ಳಲು ಮಂಗಳೂರಿಗೆ ರೈಲು ಹತ್ತುವುದಾದರೆ ಹಳೇ ಗಿಯರನ್ನೂ ಮೋಟಾರನ್ನೂ ಚೀಲದಲ್ಲಿ ಹಾಕಿಕೊಂಡೇ ಹೋಗಿ, ಫೋಟೋ ಸಾಲದು. ಕಾಸರಗೋಡು ಪೇಟೆಯ ಅಂಗಡಿಯವರು ಮಲಯಾಳದಲ್ಲಿ ‘ಎತ್ರ ಪಲ್ಲ್?’ ಅಂದರೆ ಅವರು ಕೇಳುತ್ತಿರುವುದೂ ಹಲ್ಲಿನ ಲೆಕ್ಕವನ್ನೇ.