ಹಳೆಯ ನೋಟು ಸಿಕ್ಕರೆ ಅದರ ಬೆಲೆ ತಿಳಿಯುವ ಬಗೆ

ಹಳೆಯ ನೋಟುಗಳು ಪಂಚಾಂಗದ ಪುಟಗಳ ನಡುವೆ, ಜಮೀನು ಪತ್ರಗಳ ಕಟ್ಟಿನಲ್ಲಿ, ಟ್ರಂಕಿನ ತಳಕ್ಕೆ ಹಾಸಿದ ಕಾಗದದಡಿ, ಹರಕೆಗೆಂದು ಮೀಸಲಿಟ್ಟು ಮರೆತ ಗಂಟಿನಲ್ಲಿ ಸಿಗುತ್ತವೆ. ಸಿಕ್ಕ ನೋಟನ್ನು ತೊಳೆಯುವುದಾಗಲಿ, ಇಸ್ತ್ರಿ ಮಾಡುವುದಾಗಲಿ, ಹರಿದಲ್ಲಿ ಅಂಟುಪಟ್ಟಿ ಹಚ್ಚುವುದಾಗಲಿ ಕೂಡದು. ತೊಳೆದ ನೋಟಿಗಿಂತ ಕೊಳೆಯಾದ ನೋಟೇ ಸಂಗ್ರಾಹಕರಿಗೆ ಮೇಲು.

ಮೊದಲು ಅದನ್ನು ಹೊರಡಿಸಿದವರು ಯಾರೆಂದು ನೋಡಬೇಕು. ಒಂದು ರೂಪಾಯಿಯ ನೋಟು 1917ರಲ್ಲಿ, ಮಹಾಯುದ್ಧದಿಂದ ಬೆಳ್ಳಿಗೆ ಕೊರತೆಯಾದಾಗ, ಐದನೆಯ ಜಾರ್ಜ್‌ನ ಚಿತ್ರದೊಂದಿಗೆ ಬಂದದ್ದು. ಅದು ಇಂದಿಗೂ ಸರ್ಕಾರದ್ದೇ ನೋಟು, ಅದರ ಮೇಲಿರುವುದು ಹಣಕಾಸು ಕಾರ್ಯದರ್ಶಿಯ ಸಹಿ. ರಿಸರ್ವ್ ಬ್ಯಾಂಕಿನ ನೋಟುಗಳು ಆರನೆಯ ಜಾರ್ಜ್‌ನ ಚಿತ್ರ ಹೊತ್ತು 1938ರಲ್ಲಿ ಆರಂಭವಾದವು. ಬ್ಯಾಂಕಿನ ನೋಟಿನ ಹಿಂಬದಿಯಲ್ಲಿ ಮುದ್ರಣದ ವರ್ಷ ಕಾಣತೊಡಗಿದ್ದು 2005ರಿಂದೀಚೆಗೆ. ಅದಕ್ಕೂ ಹಿಂದಿನ ನೋಟುಗಳ ಕಾಲವನ್ನು ಗವರ್ನರರ ಸಹಿಯಿಂದಲೇ ಅಳೆಯಬೇಕು. ಬಿ. ರಾಮರಾವ್ ಅವರ ಸಹಿಯಿದ್ದರೆ ಅದು 1949ರಿಂದ 1957ರ ಆರಂಭದವರೆಗಿನ ಅವಧಿಯದು. ಮನಮೋಹನ್ ಸಿಂಗ್ ಅವರ ಸಹಿ ಒಂದು ರೂಪಾಯಿಯ ಮೇಲಿದ್ದರೆ 1976–80ರ ಕಾಲವನ್ನೂ, ಬ್ಯಾಂಕಿನ ನೋಟಿನ ಮೇಲಿದ್ದರೆ 1982–85ರ ಕಾಲವನ್ನೂ ಸೂಚಿಸುತ್ತದೆ.

ಬೀದರ್, ಕಲಬುರಗಿ, ರಾಯಚೂರು ಕಡೆಯ ಹಳೆಯ ಮನೆಗಳಲ್ಲಿ ನಿಜಾಮರ ಸರ್ಕಾರದ ನೋಟುಗಳೂ ಸಿಗಬಹುದು. ಅವುಗಳ ಮೇಲೆ ಉರ್ದು, ತೆಲುಗು, ಮರಾಠಿಗಳ ಜೊತೆಗೆ ಕನ್ನಡದಲ್ಲೂ ಮೊತ್ತ ಬರೆದಿರುತ್ತದೆ. ನೋಡಿದ ಕೂಡಲೇ ರದ್ದಿಗೆ ಹಾಕಬಾರದು.

ಬೆಲೆಯನ್ನು ನಿರ್ಧರಿಸುವುದು ವಯಸ್ಸಿಗಿಂತ ಹೆಚ್ಚಾಗಿ ಅಪರೂಪ ಮತ್ತು ಸ್ಥಿತಿ. ನೋಟನ್ನು ಬೆಳಕಿಗೆ ಹಿಡಿದು ಮಡಿಕೆ, ಸೂಜಿರಂಧ್ರ, ಮೂಲೆಗಳ ಸವೆತವನ್ನು ಗಮನಿಸಿರಿ: ಹಿಂದೆ ಕಟ್ಟುಗಳಿಗೆ ಪಿನ್ನು ಚುಚ್ಚುತ್ತಿದ್ದುದರಿಂದ ಸಣ್ಣ ರಂಧ್ರಗಳು ಸಾಮಾನ್ಯ, ನಡುವಿನ ಮಡಿಕೆ ಮಾತ್ರ ಬೆಲೆಯನ್ನು ಗಣನೀಯವಾಗಿ ತಗ್ಗಿಸುತ್ತದೆ. 1918ರ ಎರಡು ರೂಪಾಯಿ ಎಂಟಾಣೆಯ ನೋಟು ಹರಿದಿದ್ದರೂ ಗಿರಾಕಿ ಸಿಕ್ಕಾರು. ಎಪ್ಪತ್ತರ ದಶಕದ ಬಳಸಿದ ಒಂದು ರೂಪಾಯಿಗೆ ಅಷ್ಟೇನೂ ಬೆಲೆಯಿಲ್ಲ. ಕ್ರಮಸಂಖ್ಯೆಯಲ್ಲಿರುವ, ಮುಸ್ಲಿಮರಲ್ಲಿ ಹಲವರು ಪವಿತ್ರವೆಂದು ನಂಬುವ 786 ಅಂಕಿಗೆ ತೆರುವ ಹಣ, ನನ್ನ ಮಟ್ಟಿಗೆ, ಶ್ರದ್ಧೆಯ ಬೆಲೆ. ಜಾಲತಾಣಗಳಲ್ಲಿ ಮಾರುವವರು ಕೇಳುವ ಮೊತ್ತವನ್ನು ಬಿಟ್ಟು, ಅದೇ ಸಹಿಯ, ಅದೇ ಸ್ಥಿತಿಯ ನೋಟು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ದರವನ್ನು ಹೋಲಿಸಬೇಕು.

ಹಳೆಯ ನೋಟು ಕೊಳ್ಳುವುದಾಗಿ ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಮುಂಗಡ ಶುಲ್ಕ ಕೇಳುವವರು ವಂಚಕರು. ಬ್ಯಾಂಕು ಇಂಥ ವ್ಯವಹಾರ ನಡೆಸುವುದಿಲ್ಲ. 2016ರಲ್ಲಿ ರದ್ದಾದ 500, 1000ದ ನೋಟುಗಳನ್ನಾದರೋ 2017ರ ಕಾಯ್ದೆಯಂತೆ ಸಾಮಾನ್ಯರು ಹತ್ತಕ್ಕಿಂತ, ಅಧ್ಯಯನ ಅಥವಾ ಸಂಗ್ರಹದ ಉದ್ದೇಶದವರು ಇಪ್ಪತ್ತೈದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.