ಮಾಂಬಳದ ಹಾಗೆ ಎರಡು ಪದರ: ಐಯೋಡಿನ್ ವಾರ್ಡಿನಲ್ಲಿ ನನ್ನ ಅನುಭವ

ಮೂರು ವರ್ಷದಿಂದ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ನನ್ನ ಹೆಸರು ‘ಫೆವಿಕಾಲ್ ಮಾಸ್ತರ್’. ವಿಕಿರಣದ ಔಷಧಿ ಚೆಲ್ಲಿದ ಕಲೆ ತೆಗೆಯಲಿಕ್ಕೆ ಗೋಂದಿನ ಥರದ್ದೇನೋ ನೆಲಕ್ಕೆ ಸುರಿದು, ಒಣಗಿಸಿ, ಸಿಪ್ಪೆ ಸುಲಿದ ಹಾಗೆ ಸುಲಿದು, ಮೀಟರ್ ಹಿಡಿದು ಕೂರುವವನಿಗೆ ಇನ್ನೇನು ಹೆಸರಿಡುತ್ತಾರೆ? ಕಳೆದ ಆಗಸ್ಟಿನಲ್ಲಿ ಅದೇ ಗೋಂದು ನಾಲ್ಕೇ ದಿನದಲ್ಲಿ ಒಂದು ರೂಮಿನ ಬೀಗ ತೆಗೆಸಿತು. ಹೆಸರು ಹೋಗಿಲ್ಲ, ಕರೆಯುವ ದನಿ ಮಾತ್ರ ಬದಲಾಗಿದೆ. ಇದೇ ಕೆಲಸದಲ್ಲಿರುವ ನಾಲ್ಕಾರು ಮಂದಿ ಕೇಳಿದರು, ಹಾಗಾಗಿ ಬರೆಯುತ್ತಿದ್ದೇನೆ. ಸ್ವೈಪ್ (ಒರೆಸಿದರೆ ಅಂಟಿ ಬರುವ ವಿಕಿರಣ ಉಳಿದಿದೆಯೇ ಅಂತ ನೋಡುವುದು) ತೆಗೆಯುವುದು ಹೇಗೆ, ಗ್ಲೋವ್ಸ್ ಎಷ್ಟು ಜೊತೆ ಹಾಕಬೇಕು ಅಂತೆಲ್ಲ ಹೇಳುತ್ತ ಕೂರುವುದಿಲ್ಲ, ಅದು ನಿಮಗೆ ಗೊತ್ತು.

ನಾನು ಕುಂದಾಪುರದ ಕಡೆಯವನು, ಇರುವುದು ಡೊಂಬಿವಲಿ, ಕೆಲಸ ಮುಂಬೈಯ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ. ಥೈರಾಯ್ಡ್ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಸೂಸುವ ಐಯೋಡಿನ್-131 ಕೊಡುವ ಎರಡು ಐಸೊಲೇಶನ್ ರೂಮುಗಳಿವೆ. ಎರಡೇ. ಐಯೋಡಿನ್ ಚೆಲ್ಲಿ ಒಂದು ರೂಮು ಕೆಟ್ಟರೆ ಅರ್ಧ ವಾರ್ಡೇ ಬಂದ್ ಆದ ಹಾಗೆ. ನಮ್ಮಲ್ಲಿದ್ದ ಪದ್ಧತಿ ಎಲ್ಲ ಕಡೆ ಇರುವುದೇ: ಒರೆಸು, ಮತ್ತೆ ಒರೆಸು, ಹೋಗದೆ ಉಳಿದದ್ದರ ಮೇಲೆ ಪ್ಲಾಸ್ಟಿಕ್ ಹಾಸಿ ಡೀಕೇ ಆಗಲಿ, ಅಂದರೆ ವಿಕಿರಣ ತಾನಾಗೇ ಕ್ಷಯಿಸಲಿ ಅಂತ ಬಿಡು. ಸ್ಕ್ಯಾನಿಗೆ ಬಳಸುವ ಟೆಕ್ನೀಶಿಯಂಗೆ ಇದು ಸಾಕು. ಹಾಫ್‌ಲೈಫ್ (ವಿಕಿರಣ ಅರ್ಧಕ್ಕೆ ಇಳಿಯುವ ಹೊತ್ತು) 6 ಗಂಟೆ, ಶುಕ್ರವಾರ ಚೆಲ್ಲಿದರೆ ಸೋಮವಾರಕ್ಕೆ ಹುಡುಕಿದರೂ ಸಿಗದು. ಐಯೋಡಿನ್ 8 ದಿನದ ಗಿರಾಕಿ. ಅದನ್ನು ಒರೆಸಿದಷ್ಟೂ ಅಂಗೈ ಅಗಲದ ಕಲೆ ತಟ್ಟೆ ಅಗಲ ಆಗುತ್ತದೆ, ಕೊನೆಗೆ ಪಿವಿಸಿ ಶೀಟಿನ ಜಾಯಿಂಟಿಗೆ ಇಳಿದು ಕೂರುತ್ತದೆ.

ಕಲೆಯ ಮೇಲೆ ಬಳಿದು, ಒಣಗಿದ ಮೇಲೆ ಕಲೆ ಸಮೇತ ಕಿತ್ತು ತೆಗೆಯುವ ಪದರ ನಾನು ಕಂಡುಹಿಡಿದದ್ದಲ್ಲ. 1979ರ ಥ್ರೀ ಮೈಲ್ ಐಲ್ಯಾಂಡ್ ಅಪಘಾತದ ನಂತರ ಆ ರಿಯಾಕ್ಟರ್ ಕಟ್ಟಡದೊಳಗೇ ಬಳಸಿದ್ದಾರೆ. ನಮ್ಮ ಆರ್‌ಎಸ್‌ಒ (ವಿಕಿರಣ ಸುರಕ್ಷತಾ ಅಧಿಕಾರಿ) ಸಾಹೇಬರ ವಾದವೂ ಅದೇ: “ಅದು ರಿಯಾಕ್ಟರಿನವರ ಆಟ ಮಾರಾಯ. ಅವರದ್ದು ಸೀಸಿಯಂ, 30 ವರ್ಷ ಕಾಯೋದಕ್ಕೆ ಆಗಲ್ಲ. ನಿನಗೆ ಎರಡು ತಿಂಗಳು ಕಾಯೋಕೆ ಏನು ಕಷ್ಟ?” ಕಷ್ಟ ಏನು ಅಂದರೆ, ಆ ಎರಡು ತಿಂಗಳು ಡೋಸಿಗಾಗಿ ಕಾಯುತ್ತಿರುವ ರೋಗಿಗಳ ಮನೆಯವರ ಫೋನು ಬರುವುದು ನನ್ನ ಮೇಜಿಗೆ.

ಇಂಥ ಪದರಕ್ಕೆ ಹೊರದೇಶದ ರೆಡಿಮೇಡ್ ಜೆಲ್ ಇದೆ, ಅದಕ್ಕೆ ರೇಟು ಕೇಳಿದೆವು. ಡ್ಯೂಟಿ, ಸಾಗಣೆ ಎಲ್ಲ ಸೇರಿ ಲೀಟರಿಗೆ 7-8 ಸಾವಿರ. ಅಕೌಂಟ್ಸಿನವರು ಫೈಲನ್ನು ಪೂರ್ತಿ ಓದಲೂ ಇಲ್ಲ. ಆಗ ನೆನಪಾದದ್ದು ಫೈಬರ್ ಟ್ಯಾಂಕ್ ಮಾಡುವವರು. ಅಚ್ಚಿಗೆ ಪಿವಿಎ (ನೀರಿನಲ್ಲಿ ಕರಗುವ ಪಾಲಿವಿನೈಲ್ ಆಲ್ಕೊಹಾಲ್) ಬಳಿದು, ಒಣಗಿದ ಮೇಲೆ ರೆಸಿನ್ ಹಾಕುತ್ತಾರೆ; ಟ್ಯಾಂಕು ಬಿಡಿಸಿದಾಗ ಪಿವಿಎ ಹಾಳೆಯ ಹಾಗೆ ಎದ್ದು ಬರುತ್ತದೆ. ಒಂದು ಶನಿವಾರ ಮಸ್ಜಿದ್ ಬಂದರಿನಲ್ಲಿ ಇಳಿದು ವಡಗಾದಿಯಲ್ಲಿ 5 ಕಿಲೋ ಪಿವಿಎ ಪುಡಿ ತಂದೆ. ಕಿಲೋಗೆ 250ರ ಆಸುಪಾಸು. ಜೊತೆಗೆ ಗ್ಲಿಸರಿನ್. ಒಟ್ಟು 1,800 ಚಿಲ್ಲರೆ. ಆ ಬಿಲ್ಲು “ಗೋಂದಿನ ಪುಡಿ, ಮಕ್ಕಳ ಸ್ಕೂಲ್ ಪ್ರಾಜೆಕ್ಟೇ?” ಅನ್ನುವ ಷರಾ ಹೊತ್ತು ವಾಪಸ್ ಬಂತು. ಕೈಯಿಂದಲೇ ಹೋಯಿತು.

ಮೊದಲ ಪಾಕ ಕುದಿಯುವ ನೀರಿಗೆ ಪುಡಿ ಸುರಿದು ಮಾಡಿದೆ. ಮುದ್ದೆ ಮುದ್ದೆ, ಒಳಗೆಲ್ಲ ಒಣ ಹಿಟ್ಟು. ತಣ್ಣೀರಿಗೆ ಉದುರಿಸುತ್ತ ಕಲಕಿ, ಆಮೇಲೆ 85 ಡಿಗ್ರಿಗೆ ನಿಧಾನಕ್ಕೆ ಏರಿಸಬೇಕು, ರಾಗಿ ಗಂಜಿಯ ಲೆಕ್ಕ. ಲೀಟರಿಗೆ 120 ಗ್ರಾಂ ಪುಡಿ ಅಂತ ನಿಂತೆ. ಪುಡಿ ಕೊಳ್ಳುವಾಗ 88 ಪರ್ಸೆಂಟ್ ಹೈಡ್ರೊಲೈಸ್ ಆದದ್ದನ್ನೇ ಕೇಳಿ ತನ್ನಿ. 99ರದ್ದು ಸುಲಭಕ್ಕೆ ಕರಗದು.

ಮಾನ ಹೋದದ್ದು ಎರಡನೇ ಹಂತದಲ್ಲಿ. ಸಹಿ ಸಿಕ್ಕಿದ್ದು ಟೆಕ್ನೀಶಿಯಂ ಪರೀಕ್ಷೆಗೆ ಮಾತ್ರ. ಸಂಜೆ, ಟೆಕ್ನೀಶಿಯಂ ಕೊಡುವ ಜನರೇಟರಿನಿಂದ ಇಳಿಸಿ ಉಳಿದಿದ್ದ ದ್ರಾವಣದ ಒಂದೊಂದು ಹನಿ ಟೈಲ್ ಮೇಲೆ ಇಟ್ಟು, ಕೌಂಟ್ (ಮೀಟರ್ ಎಣಿಸಿದ ವಿಕಿರಣ) ಬರೆದು, ಜೆಲ್ ಬಳಿದು ಮನೆಗೆ ಹೋದೆ. ಬೆಳಿಗ್ಗೆ ಕಿತ್ತು ಕೌಂಟ್ ತೆಗೆದರೆ ನೂರಕ್ಕೆ 85 ಹೋಗಿದೆ! ಚಹಾ ಕೊಡಿಸಿದೆ, ಫೋಟೋ ಹಾಕಿದೆ. ಸಾಹೇಬರು ಗ್ಲಾಸು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: “ರಾತ್ರಿ ಎಷ್ಟು ಗಂಟೆ ಆಯ್ತು?” 14 ಗಂಟೆ. ಎರಡು ಹಾಫ್‌ಲೈಫ್ ದಾಟಿದೆ. ಏನೂ ಮಾಡದೆ ಬಿಟ್ಟಿದ್ದರೂ ನೂರಕ್ಕೆ 80 ತಾನಾಗೇ ಹೋಗುತ್ತಿತ್ತು. ನನ್ನ ಗೋಂದು ತೆಗೆದದ್ದು ಉಳಿದ 20ರಲ್ಲಿ ಐದೋ ಆರೋ. ಹೊಸದಾಗಿ ಸೇರಿದ ಹುಡುಗನೂ ಮಾಡದ ತಪ್ಪು. ಅವತ್ತಿನಿಂದ ಪ್ರತಿ ಪರೀಕ್ಷೆಗೂ ಪಕ್ಕದಲ್ಲಿ ಬಳಿಯದ ಜೋಡಿ ಟೈಲ್ ಇಡುತ್ತೇನೆ. ಡೀಕೇ ಲೆಕ್ಕ ಕಾಗದದಲ್ಲಿ ಮಾಡುವುದಕ್ಕಿಂತ ಆ ಟೈಲ್ ಮೇಲೇ ನನಗೆ ನಂಬಿಕೆ.

ಆ ಮಳೆಗಾಲದಲ್ಲಿ ವಾಶ್‌ಬೇಸಿನ್ ಕೆಳಗೆ ನಿಜವಾದ ಐಯೋಡಿನ್ ಕಲೆಯೊಂದು ಬಿತ್ತು. ಕಾಡಿ ಬೇಡಿ ಒಪ್ಪಿಗೆ ತಗೊಂಡೆ. ಗಟ್ಟಿಯಾಗಿರಲಿ ಅಂತ 2 ಮಿಲಿಮೀಟರ್ ದಪ್ಪ ಸುರಿದೆ. ಜುಲೈ ತಿಂಗಳು, ಮುಂಬೈ ಗಾಳಿ ಗೊತ್ತಲ್ಲ, ಪಾಸ್‌ಬುಕ್ಕೂ ಒದ್ದೆ. 30 ಗಂಟೆ ಆದರೂ ಮೇಲೆ ಕೆನೆ, ಕೆಳಗೆ ಲೋಳೆ. ಅವಸರಕ್ಕೆ ಬಿದ್ದು ಕಿತ್ತೆ. ಕೆನೆ ಕೈಗೆ ಬಂತು, ಲೋಳೆ ನೆಲದಲ್ಲೇ ಉಳಿಯಿತು, ಐಯೋಡಿನ್ ಇದ್ದದ್ದೂ ಅದರಲ್ಲೇ. ನೀರು ಹಾಕಿ ಒರೆಸಿದರೆ ಹರಡಿತು. ಬಿಟ್ಟಿದ್ದರೆ ಎರಡು ವಾರಕ್ಕೆ ಬಿಡುಗಡೆ ಆಗುತ್ತಿದ್ದ ರೂಮು ನಾಲ್ಕು ವಾರ ನಿಂತಿತು. ಆಮೇಲೆ ಎಂಟು ತಿಂಗಳು ನನ್ನ ಬಾಟಲಿಗಳಿಗೆ ವಾರ್ಡಿನೊಳಗೆ ಪ್ರವೇಶವಿಲ್ಲ.

ಆ ಎಂಟು ತಿಂಗಳು ಸುಮ್ಮನಿರಲಿಲ್ಲ, ಅಡ್ಡದಾರಿ ತುಂಬಾ ಹಿಡಿದೆ. ಬೋರಾಕ್ಸ್ ಹಾಕಿದೆ, ಮಗಳು ಆಡುವ ಸ್ಲೈಮ್ ಆಯಿತು. ವಾಷಿಂಗ್ ಸೋಡಾ ಹಾಕಿದೆ, ಪಿವಿಎ ಒಡೆದ ಹಾಲಿನ ಹಾಗೆ ಬೇರೆಯಾಯಿತು. ನಮ್ಮೂರ ಕಡೆಯ ರಬ್ಬರ್ ಹಾಲು ನೆನಪಾಗಿ ಲೇಟೆಕ್ಸ್ ತಂದೆ; ಪದರವೇನೋ ಸೊಗಸು, ನೀರಿಗೂ ಜಗ್ಗದು, ಆದರೆ ಅದರ ಅಮೋನಿಯಾ ವಾಸನೆಗೆ ಎಸಿ ವಾರ್ಡಿನ ಸಿಸ್ಟರ್‌ಗಳು ಲಿಖಿತ ದೂರು ಕೊಟ್ಟರು. ಹಳೆಯ ಕೀಬೋರ್ಡಿಗೆ ಬಳಿದು ನೋಡಿದ್ದರ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ನಿಂಬೆ ಉಪ್ಪು ಹಾಕಿದರೆ ಚೆನ್ನಾಗಿ ಎಳೆಯುತ್ತದೆ ಅಂತ ಒಬ್ಬರು ಹೇಳಿದ್ದರು. ಲೋಹಗಳಿಗೆ ಸರಿ, ಐಯೋಡಿನ್‌ಗೆ ಹುಳಿ ತೋರಿಸಲೇಬಾರದು. ಆವಿಯಾಗಿ ಎದ್ದರೆ ನೆಲದ್ದು ನಿಮ್ಮ ಥೈರಾಯ್ಡಿಗೇ ಬರುತ್ತದೆ. ಸಾಹೇಬರು ಸಮಯಕ್ಕೆ ಸರಿಯಾಗಿ ಬಾಟಲಿ ಕಿತ್ತುಕೊಂಡರು, ಆ ಋಣ ಇದೆ. ಇಡಿಟಿಎಯೂ ಲೋಹಗಳಿಗೇ, ಲುಟೀಶಿಯಂ ಇರುವ ಕಡೆ ಹಾಕಿ. ಐಯೋಡಿನ್‌ಗೆ ನಾನು ಹಾಕುವುದು ಚಿಟಿಕೆ ಪೊಟ್ಯಾಸಿಯಂ ಐಯೋಡೈಡ್, ಸ್ವಲ್ಪ ಸೋಡಿಯಂ ಥಯೊಸಲ್ಫೇಟ್. ಮೂರನೆಯದೊಂದು ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕಾಗ ನೋಡೋಣ.

ದಾರಿ ಸಿಕ್ಕಿದ್ದು ಮೇ ತಿಂಗಳಲ್ಲಿ, ಊರಿನಲ್ಲಿ. ಅಮ್ಮ ಅಂಗಳದಲ್ಲಿ ಮಾಂಬಳ ಹಾಕುತ್ತಿದ್ದರು. ಮಾವಿನ ರಸ ಚಾಪೆ ಮೇಲೆ ತೆಳ್ಳಗೆ ಒಂದು ಕೈ ಸವರಿ, ಅದು ಒಣಗಿದ ಮೇಲೇ ಮರುದಿನದ ಕೈ. “ಒಟ್ಟಿಗೇ ಸುರಿದ್ರೆ ಒಳಗೆ ಹುಳಿತ್ತದೆ ಮಗಾ” ಅಂದರು. ಈ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಆದರೂ ವಾರ್ಡಿನಲ್ಲಿ 2 ಮಿಲಿಮೀಟರ್ ಸುರಿದ ಬುದ್ಧಿವಂತ ನಾನೇ. ವಾಪಸ್ ಬಂದವನೇ ಎರಡು ಪದರಕ್ಕೆ ತಿರುಗಿದೆ. ಮೊದಲನೆಯದು ನೀರು ನೀರಾಗಿ, ಅರ್ಧ ಮಿಲಿಮೀಟರ್ ಕೂಡ ಬೇಡ. ನೆಲವನ್ನು ನೆನೆಸಿ ಐಯೋಡಿನ್ ಎತ್ತಿಕೊಳ್ಳುವುದು ಇದೇ. ಅದು ಕೈಗೆ ಅಂಟುವಷ್ಟು ಆರಿದ ಮೇಲೆ ಎರಡನೆಯದು, ಗಟ್ಟಿ ಪಾಕ, ಎಳೆದರೆ ಹರಿಯದಿರಲಿ ಅಂತ.

ಆದರೂ ಹರಿಯುತ್ತಿತ್ತು. ಅದನ್ನು ಬಗೆಹರಿಸಿದ್ದು ನಮ್ಮ ಹೌಸ್‌ಕೀಪಿಂಗ್ ಮಾವಶಿ, ವಿಜಯಪುರ ಕಡೆಯವರು. ಖಾಲಿ ಟೈಲ್ ಮೇಲೆ ಉಗುರಲ್ಲಿ ಕೆರೆಯುತ್ತ ಕೂತಿದ್ದ ನನ್ನನ್ನು ನೋಡಿ, “ಸರ, ಸಂಡಿಗಿ ಹಾಕೂ ಮುಂದ ತಳಕ್ಕ ಅರಿವಿ ಹಾಸ್ತೀವಲ್ರಿ, ಹಂಗ ಇದಕ್ಕೂ ಒಂದ್ ಅರಿವಿ ಕೂಡಿಸ್ರಿ. ಹಿಡದು ಜಗ್ಗಾಕ ಬರ್ತೈತಿ” ಅಂದರು. ಈಗ ಎರಡು ಪದರದ ನಡುವೆ ಬ್ಯಾಂಡೇಜಿನ ಗಾಜ್ ಬಟ್ಟೆ ಹಾಸಿ, ಒಂದು ಬದಿ ನಾಲ್ಕು ಬೆರಳು ಹೊರಗೆ ಬಿಡುತ್ತೇನೆ. ಅಂಚು ತಾನಾಗಿ ಸುರುಳಿ ಏಳುವವರೆಗೆ ಮುಟ್ಟುವುದಿಲ್ಲ. ಎದ್ದ ಮೇಲೆ ಬಾಲ ಹಿಡಿದು ನಿಧಾನಕ್ಕೆ, ನೆಲಕ್ಕೆ ತಾಗಿದ ಮೈ ಒಳಗೆ ಬರುವಂತೆ ಚಾಪೆ ಸುತ್ತಿದ ಹಾಗೆ ಸುತ್ತುತ್ತ ಹೋಗುವುದು.

ಗ್ಲಿಸರಿನ್‌ಗೆ ಒಂದೇ ಅಳತೆ ಇಲ್ಲ. ಅದು ಗಾಳಿಯ ನೀರು ಕುಡಿಯುವ ಪದಾರ್ಥ. ಜನವರಿಯಲ್ಲಿ ಲೀಟರಿಗೆ 45 ಗ್ರಾಂ ಇಲ್ಲದಿದ್ದರೆ ಪದರ ಹಪ್ಪಳದ ಹಾಗೆ ಪುಡಿಯಾಗುತ್ತದೆ, ಜುಲೈಯಲ್ಲಿ ಅಷ್ಟೇ ಹಾಕಿದರೆ ಹಲಸಿನ ಮೇಣ. ಮಳೆಗಾಲಕ್ಕೆ 20ರ ಸುತ್ತ ಇಳಿಸಿದ್ದೇನೆ. ಎಸಿಯನ್ನು ಡ್ರೈ ಮೋಡಿಗೆ ಹಾಕಿದರೆ 9-10 ಗಂಟೆಗೆ ಒಣಗುತ್ತದೆ. ಫ್ಯಾನ್ ಬೇಕಿದ್ದರೆ ಮೊದಲ ಪದರ ಪೂರ್ತಿ ಮುಚ್ಚಿದ ಮೇಲೆ, ಅದಕ್ಕೂ ಮೊದಲು ಬೇಡ.

ಇನ್ನು ಆಗಸ್ಟಿನ ಕಥೆ. ಡೋಸ್ ಕುಡಿದ ಮುಕ್ಕಾಲು ಗಂಟೆಗೆ ರೋಗಿ ಮಂಚದ ಪಕ್ಕ ವಾಂತಿ ಮಾಡಿಕೊಂಡರು. ಹೀರುವಷ್ಟು ಹೀರಿಸಿ ತೆಗೆದ ಮೇಲೂ ಪಿವಿಸಿ ನೆಲದ ಮೇಲೆ ಹೆಚ್ಚಿದ್ದ ಜಾಗದಲ್ಲಿ 1,200 ಸಿಪಿಎಸ್ (ಸೆಕೆಂಡಿಗೆ ಇಷ್ಟು ಕೌಂಟ್) ಆಸುಪಾಸು. ರೋಗಿಯನ್ನು ಪಕ್ಕದ ರೂಮಿಗೆ ಕಳಿಸಿದೆವು. ಸಾಹೇಬರು ಪ್ಲಾಸ್ಟಿಕ್ ತರಿಸಿದ್ದರು, ನನ್ನ ಮುಖ ನೋಡಿ, “ಒಂದು ಸಲ. ಒಂದೇ ಸಲ” ಅಂದರು. ಸುಮಾರು 2 ಚದರ ಮೀಟರ್, ಒಂದೂವರೆ ಲೀಟರ್ ಹಿಡಿಯಿತು. ಮೊದಲ ಸುಲಿತಕ್ಕೆ 150ಕ್ಕೆ ಇಳಿಯಿತು, ಎರಡನೆಯದಕ್ಕೆ 40. ಸಾಹೇಬರೇ “ಇನ್ನೊಂದು ಹಾಕು” ಅಂದರು. ಮೂರನೆಯದಕ್ಕೆ 20, ಅದರಿಂದಾಚೆ ಜಗ್ಗಲಿಲ್ಲ, ಶೀಟಿನೊಳಗೇ ಇಳಿದದ್ದು ಅದು. ಸ್ವೈಪ್ ಮಾತ್ರ ಕ್ಲೀನ್. 1,200ರಿಂದ 20 ಅಂದರೆ ಸುಮಾರು ಆರು ಹಾಫ್‌ಲೈಫ್. ಪ್ಲಾಸ್ಟಿಕ್ ಹಾಸಿ ಕಾದಿದ್ದರೆ 48 ದಿನ. ನಾಲ್ಕನೇ ದಿನ ಸಂಜೆ ರೂಮು ಕೊಟ್ಟೆವು. ಮೂರೂ ಸುಲಿತದ ಕಸ ಒಂದು ಸಣ್ಣ ಪಾಲಿಥಿನ್ ಚೀಲ, ಕಿಲೋಗಿಂತ ಕಡಿಮೆ. ಮುಂಚೆ ಇಷ್ಟು ಒರೆಸಲಿಕ್ಕೆ ಬಟ್ಟೆ, ಟಿಶ್ಯೂ, ಗ್ಲೋವ್ಸ್ ಅಂತ ಮೂರು ದೊಡ್ಡ ಚೀಲ ಡೀಕೇ ರೂಮಿನಲ್ಲಿ ಕೂರುತ್ತಿದ್ದವು. ಜೆಲ್ಲಿನ ಖರ್ಚು ಲೀಟರಿಗೆ 100 ರೂಪಾಯಿ ದಾಟಿಲ್ಲ, ಗಾಜ್ ಬಟ್ಟೆ ಬೇರೆ.

ಎಲ್ಲ ಕಡೆ ಇಷ್ಟು ಚೆಂದ ಬರುವುದಿಲ್ಲ. ಸ್ಟೀಲ್, ಪಿವಿಸಿ, ಎಪಾಕ್ಸಿ ಒಳ್ಳೆಯ ಜಾತಿ. ನಮ್ಮ ಹಾಟ್‌ಲ್ಯಾಬ್ (ವಿಕಿರಣದ ಔಷಧಿ ಸಿದ್ಧಮಾಡುವ ಕೋಣೆ) ಹೊರಗಿನ ಹಳೆಯ ಕೋಟಾ ಕಲ್ಲಿನ ಮೇಲೆ ಅರ್ಧಕ್ಕಿಂತ ತುಸು ಜಾಸ್ತಿ ಎಳೆಯುತ್ತದೆ, ಸಂದಿನ ಸಿಮೆಂಟಿನಲ್ಲಿ ಸೋತಿದ್ದೇನೆ. ಮೊದಲೇ ಬಳಿದಿಟ್ಟು, ರೋಗಿ ಹೋದ ಮೇಲೆ ಕೀಳುವ ಆಸೆಯೂ ಇತ್ತು. ಮಂಚದ ಪಕ್ಕದ ಮೇಜು, ಫೋನಿನ ಸ್ಟ್ಯಾಂಡಿಗೆ ಈಗಲೂ ಮಾಡುತ್ತೇನೆ. ಕಮೋಡಿನ ಸುತ್ತ ಮಾತ್ರ ಬೇಡ. ಪಿವಿಎ ನೀರು ಕಂಡರೆ ಕರಗುತ್ತದೆ. ಖಾಲಿ ರೂಮಿನಲ್ಲಿ ನಾನೇ ಒದ್ದೆ ಕಾಲಿಟ್ಟು ನೋಡಿ, ಗೋಡೆ ಹಿಡಿದು ಬಚಾವಾದೆ.

ಈಗ ಹಾಟ್‌ಲ್ಯಾಬ್ ಹೊರಗಿನ ಕಪಾಟಿನಲ್ಲಿ ‘ಮಳೆ’, ‘ಚಳಿ’ ಅಂತ ಬರೆದ ಆರು ಬಾಟಲಿ ಇರುತ್ತವೆ. ಹೋದ ವಾರ ಎಣಿಸಿದರೆ ಐದೇ. ವಿಚಾರಿಸಿದಾಗ ಗೊತ್ತಾಯಿತು, ಅಕೌಂಟ್ಸಿನವರು ಗೋಂದು ಮುಗಿದಿದೆ ಅಂತ ಒಂದು ‘ಚಳಿ’ ಒಯ್ದು ಆ ತಿಂಗಳ ವೋಚರುಗಳನ್ನೆಲ್ಲ ಅಂಟಿಸಿದ್ದಾರೆ. ಹೋಗಿ ನೋಡಿ ಬಂದೆ, ಚೆನ್ನಾಗೇ ಅಂಟಿವೆ. 1,800ರ ಆ ಬಿಲ್ಲನ್ನು ಮತ್ತೆ ಕೊಟ್ಟಿದ್ದೇನೆ.