ಕಪ್ಪಲ್ಲಿ ಬರೆದು ನೀಲಿ ಪಡೆಯುವ ಬಗೆ

ಚೀನಾದ ನೀಲಿ-ಬಿಳಿ ಹೂದಾನಿಗೆ ಚಿತ್ರ ಬರೆಯುವಾಗ ನೀಲಿ ಎಲ್ಲೂ ಕಾಣುವುದಿಲ್ಲ. ಕುಂಚದಲ್ಲಿರುವುದು ಬೂದುಗಪ್ಪು ನೀರು. ಅದು ನೀಲಿಯಾಗುವುದು ಬೆಂಕಿಯಲ್ಲಿ. ಜಿಂಗ್‌ಡೆಝೆನ್ ಊರಿನ ಕುಶಲಿಗರ ಕ್ರಮ ಹೀಗಿದೆ.

ಮೊದಲು ಮಣ್ಣು. ಪಿಂಗಾಣಿ ಕಲ್ಲನ್ನು ಕುಟ್ಟಿ, ಕೇಯೊಲಿನ್ ಎಂಬ ಬಿಳಿ ಜೇಡಿಯ ಜೊತೆ ಕಲಸಿ ಹದ ಮಾಡುತ್ತಾರೆ. ಆ ಹೆಸರು ಬಂದದ್ದೇ ಊರಿನ ಹತ್ತಿರದ ಗಾವ್‌ಲಿಂಗ್‌ನಿಂದ. ತಿಗರಿಯಿಂದ ಇಳಿಸಿದ ಹೂದಾನಿ ಪೂರ್ತಿ ಒಣಗಲಿ. ಈಗಲೇ ಸುಡಬೇಡಿ.

ಬೆಂಕಿಯಲ್ಲಿ ನೀಲಿ ಕೊಡುವ ಖನಿಜ ಕೊಬಾಲ್ಟ್. ಅದನ್ನು ನುಣ್ಣಗೆ ಅರೆದು ನೀರಲ್ಲಿ ಕಲಸಿ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ.

ಇನ್ನು ಚಿತ್ರ. ಹೂದಾನಿಯನ್ನು ತಿರುಗುವ ಹಲಗೆಯ ಮೇಲಿಟ್ಟು ಕುಂಚವನ್ನು ಅಲುಗಾಡಿಸದೆ ಹಿಡಿಯಿರಿ. ಹಲಗೆ ತಿರುಗಿದರೆ ಉಂಗುರದಂಥ ಗೆರೆ ಬೀಳುತ್ತದೆ. ಈ ಗೆರೆಗಳ ನಡುವಿನ ಪಟ್ಟಿಗಳೇ ಚಿತ್ರದ ಮನೆಗಳು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ 1351ರ ಡೇವಿಡ್ ಹೂದಾನಿಗಳ (ಸಂಗ್ರಾಹಕ ಪರ್ಸಿವಲ್ ಡೇವಿಡ್ ಹೆಸರಿನ ನೀಲಿ-ಬಿಳಿ ಜೋಡಿ) ಫೋಟೊ ಒಮ್ಮೆ ನೋಡಿ. ಕತ್ತಿನಲ್ಲಿ ಫೀನಿಕ್ಸ್ ಹಕ್ಕಿ, ಹೊಟ್ಟೆಯ ಮೇಲೆ ಡ್ರ್ಯಾಗನ್, ಅದರ ಕೆಳಗೆ ಅಲೆಗಳು. ಆಕಾಶದ್ದು ಮೇಲೆ, ನೀರಿನದು ಕೆಳಗೆ. ಎಷ್ಟು ಚೆಂದದ ಲೆಕ್ಕ, ಅಲ್ವಾ!

ಆಮೇಲೆ ಹೊರಗೆರೆ. ಇಲ್ಲೇ ಕಷ್ಟ ಇರುವುದು. ಒಣ ಮಣ್ಣು ನೀರನ್ನು ತಕ್ಷಣ ಹೀರುತ್ತದೆ. ಕುಂಚ ಒಂದು ಕ್ಷಣ ನಿಂತರೂ ಮಸಿ ಗುಡ್ಡೆಯಾಗುತ್ತದೆ, ಅಳಿಸಲು ಆಗುವುದಿಲ್ಲ. ಮೊದಲು ಕಾಗದದ ಮೇಲೆ ನೂರು ಸಲ ಬರೆದು ಕೈ ಪಳಗಿಸಿ, ಸುಮ್ನೆ ಹೇಳುತ್ತಿಲ್ಲ.

ಒಳಗೆ ತುಂಬಲು ದಪ್ಪ ಕುಂಚ ಬೇಕು. ಅದರಿಂದ ಜಾಸ್ತಿ ನೀರು ಬಿಟ್ಟು, ಆ ನೀರನ್ನೇ ಗೆರೆಯೊಳಗೆ ನಡೆಸಿಕೊಂಡು ಹೋಗಬೇಕು. ಕುಂಚ ಮಣ್ಣಿಗೆ ಉಜ್ಜಬಾರದು. ಗೆರೆ ಎಳೆಯುವವರು ಬೇರೆ, ತುಂಬುವವರು ಬೇರೆ ಎಂಬ ರೂಢಿ ಜಿಂಗ್‌ಡೆಝೆನ್‌ನಲ್ಲಿ ಬೆಳೆದದ್ದು ಯಾಕೆಂದು ಆಗ ಗೊತ್ತಾಗುತ್ತದೆ.

ಕೊನೆಗೆ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ ಹಚ್ಚಿ. ಅಷ್ಟು ಹೊತ್ತು ಬರೆದ ಚಿತ್ರವೆಲ್ಲ ಬಿಳಿ ಪದರದಡಿ ಮಾಯವಾಗುತ್ತದೆ. ಗಾಬರಿ ಬೇಡ. ಹೂದಾನಿಯನ್ನು ಗೂಡಿನಲ್ಲಿಟ್ಟು ಸುಟ್ಟಾಗ ಸುಮಾರು 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗ್ಲೇಜ್ ಕರಗಿ ಗಾಜಾಗುತ್ತದೆ, ಒಳಗಿನ ನೀಲಿ ಕಾಣುತ್ತದೆ. ಗೂಡು ಪೂರ್ತಿ ತಣ್ಣಗಾಗುವವರೆಗೆ ಬಾಗಿಲು ತೆಗೆಯಬೇಡಿ.

ಬಣ್ಣ ದಪ್ಪವಾದ ಕಡೆ ಕಪ್ಪು ಚುಕ್ಕಿ ಬಂದಿದ್ದರೆ ಬೇಜಾರಾಗಬೇಡಿ. ಹಳೆಯ ಹೂದಾನಿಗಳಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದ ಕೊಬಾಲ್ಟಿನಿಂದ ಇಂಥ ಚುಕ್ಕಿ ತಾನಾಗಿ ಮೂಡುತ್ತಿತ್ತು. 18ನೇ ಶತಮಾನದ ಕುಶಲಿಗರಿಗೆ ಅದು ಎಷ್ಟು ಹಿಡಿಸಿತ್ತೆಂದರೆ, ಕುಂಚದ ತುದಿಯಿಂದ ಬೇಕಂತಲೇ ಒಂದೊಂದಾಗಿ ಇಡುತ್ತಿದ್ದರು.